ಕಾನೂನು ಅಂಕಣ: ಕೆಲಸದ ಕರಾರು ಅನ್ಯಾಯದ್ದಾದರೆ ಯಾವ ಕೋರ್ಟಿಗೆ ಹೋಗಬೇಕು?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಓದುಗರಿಂದ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಕೆಲಸದ ಕರಾರು ಒಂದು ಕಡೆಗೇ ವಾಲಿದೆ, ರಾಜ್ಯದ ಕೈಗಾರಿಕಾ ನ್ಯಾಯಾಲಯ ಅದನ್ನು ರದ್ದು ಮಾಡುತ್ತದೆಯೇ? ಓದುವ ಮೊದಲು ಒಂದು ಎಚ್ಚರಿಕೆ. ಅಲ್ಲಿ ಸುಪ್ರೀಂ ಕೋರ್ಟ್ ಎಂದರೆ ರಾಜ್ಯದ ಉನ್ನತ ನ್ಯಾಯಾಲಯ, ಹೈಕೋರ್ಟ್ ಎಂದರೆ ಇಡೀ ದೇಶಕ್ಕೆ ಕೊನೆಯ ನ್ಯಾಯಾಲಯ. ಭಾರತದ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಎಲ್ಲ ತಲೆಕೆಳಗಾಗುತ್ತದೆ. ಕೆಳಗೆ ‘ರಾಜ್ಯ ಕಾಯ್ದೆ’ ಎಂದಿರುವುದು ನ್ಯೂ ಸೌತ್ ವೇಲ್ಸ್‌ನ 1996ರ ಕೈಗಾರಿಕಾ ಸಂಬಂಧಗಳ ಕಾಯ್ದೆಯನ್ನು.

ಪ್ರಶ್ನೆ: ಎಬಿಎನ್ (ಸ್ವಂತ ವ್ಯವಹಾರದ ನೋಂದಣಿ ಸಂಖ್ಯೆ) ಮೇಲೆ ಕಚೇರಿಗಳ ಕ್ಲೀನಿಂಗ್ ಗುತ್ತಿಗೆ ಮಾಡುತ್ತೇನೆ. ಕೆಲಸ ಕೊಡುವುದು ಒಂದು ಪಿಟಿವೈ ಲಿಮಿಟೆಡ್ (ಅಂದರೆ ಪ್ರೈವೇಟ್ ಲಿಮಿಟೆಡ್) ಕಂಪನಿ. ಬಿಲ್ ಕೊಟ್ಟ 60 ದಿನಕ್ಕೆ ಹಣ. ಅವರು ಒಂದೇ ದಿನದ ನೋಟಿಸ್ ಕೊಟ್ಟು ಬಿಡಿಸಬಹುದು, ನಾನು ಬಿಡಬೇಕಾದರೆ ಮೂರು ತಿಂಗಳು ಮುಂಚೆ ಹೇಳಬೇಕು. ದರವನ್ನೂ ಅವರೇ ಇಳಿಸಬಹುದು. ರಾಜ್ಯ ಕಾಯ್ದೆಯ 106ನೇ ಸೆಕ್ಷನ್ ಇದಕ್ಕೆಂದೇ ಇದೆ ಎಂದು ಪರಿಚಯದವರು ಹೇಳುತ್ತಾರೆ. ನಿಜವೇ? (ಬ್ಲ್ಯಾಕ್‌ಟೌನ್‌ನ ಓದುಗರು)

ಉತ್ತರ: 2007ರ ಮಾರ್ಚ್‌ಗೆ ಮುಂಚೆ ಕೇಳಿದ್ದರೆ ‘ಹೌದು’ ಎನ್ನಬಹುದಿತ್ತು. ಇಂದು ನಿಮ್ಮ ಮಟ್ಟಿಗೆ ಅಲ್ಲ. ಕಾರಣ ನಿಮ್ಮ ಕರಾರಿನ ಷರತ್ತುಗಳಲ್ಲಿಲ್ಲ, ಎದುರುಪಕ್ಷದ ಹೆಸರಿನ ಕೊನೆಯಲ್ಲಿರುವ ‘ಲಿಮಿಟೆಡ್’ನಲ್ಲಿದೆ.

106ನೇ ಸೆಕ್ಷನ್‌ಗೆ ಹಳೆಯ ಬೇರಿದೆ. 1940ರ ಕೈಗಾರಿಕಾ ಮಧ್ಯಸ್ಥಿಕೆ ಕಾಯ್ದೆಗೆ 1959ರಲ್ಲಿ ಸೇರಿಸಿದ 88ಎಫ್ ಸೆಕ್ಷನ್ ಅದರ ಮೂಲ. ನೌಕರಿಯನ್ನೇ ಗುತ್ತಿಗೆ ಎಂದು ಬರೆಸಿಕೊಂಡು ಕೂಲಿ ನಿಯಮಗಳಿಂದ ತಪ್ಪಿಸಿಕೊಳ್ಳುವವರನ್ನು ಹಿಡಿಯುವುದು ಅದರ ಒಂದು ಮುಖ್ಯ ಕೆಲಸವಾಗಿತ್ತು. ಯಾವುದೇ ಉದ್ಯಮದಲ್ಲಿ ಒಬ್ಬ ವ್ಯಕ್ತಿ ಕೆಲಸ ಮಾಡಲು ಕಾರಣವಾದ ಕರಾರು ಅನ್ಯಾಯದ್ದು, ಕಠೋರ ಅಥವಾ ಆತ್ಮಸಾಕ್ಷಿಗೆ ಒಪ್ಪದ್ದು ಎಂದು ಕಂಡರೆ ಅದನ್ನು ಪೂರ್ತಿ ಅಥವಾ ಭಾಗಶಃ ರದ್ದು ಮಾಡಬಹುದು, ತಿದ್ದಬಹುದು. ಸಾರ್ವಜನಿಕ ಹಿತಕ್ಕೆ ವಿರುದ್ಧವಾದದ್ದು, ಅದೇ ಕೆಲಸಕ್ಕೆ ನೌಕರನಿಗೆ ಸಿಗುವುದಕ್ಕಿಂತ ಕಡಿಮೆ ಕೊಡುವಂಥದ್ದು, ಅವಾರ್ಡ್‌ನಿಂದ (ಒಂದೊಂದು ಉದ್ಯಮಕ್ಕೆ ಕನಿಷ್ಠ ಕೂಲಿ, ಷರತ್ತು ಗೊತ್ತುಮಾಡುವ ಆದೇಶ) ನುಣುಚಿಕೊಳ್ಳಲು ಹೆಣೆದದ್ದು ಕೂಡ ಅದರ ವ್ಯಾಪ್ತಿಗೆ ಬರುತ್ತವೆ. ಸಹಿ ಹಾಕುವಾಗ ಸರಿಯಿದ್ದು ಆಮೇಲಿನ ನಡವಳಿಕೆಯಿಂದ ಕೆಟ್ಟ ಕರಾರನ್ನೂ ಮುಟ್ಟಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನ್ಯಾಯವೆನಿಸಿದಷ್ಟು ಹಣ ಕೊಡಿಸಬಹುದು. ದೊಡ್ಡ ಸಂಬಳದ ಅಧಿಕಾರಿಗಳೇ ಇದನ್ನು ಹೆಚ್ಚು ಬಳಸತೊಡಗಿದ ಮೇಲೆ ವರ್ಷಕ್ಕೆ 2,00,000 ಡಾಲರ್‌ನ ಮಿತಿ ಬಂತು.

ಇಷ್ಟು ಬಲವಾದ ಸೆಕ್ಷನ್ ನಿಮ್ಮ ಕೈಗೆ ಸಿಗದಂತೆ ಮಾಡಿದ್ದು ಆಸ್ಟ್ರೇಲಿಯಾ ಸಂವಿಧಾನದ 109ನೇ ವಿಧಿ. ಕೇಂದ್ರದ ಕಾನೂನಿಗೂ ರಾಜ್ಯದ ಕಾನೂನಿಗೂ ತಾಳೆಯಾಗದಿದ್ದರೆ ಕೇಂದ್ರದ್ದೇ ನಡೆಯುತ್ತದೆ, ರಾಜ್ಯದ್ದು ಆ ಮಟ್ಟಿಗೆ ನಿಷ್ಕ್ರಿಯ. ಕೇಂದ್ರದ 2006ರ ಸ್ವತಂತ್ರ ಗುತ್ತಿಗೆದಾರರ ಕಾಯ್ದೆ 2007ರ ಮಾರ್ಚ್ 1ರಂದು ಜಾರಿಗೆ ಬಂತು. ತನ್ನ ವ್ಯಾಪ್ತಿಯ ಸೇವಾ ಕರಾರುಗಳಿಗೆ ರಾಜ್ಯಗಳ ಅನ್ಯಾಯ-ಕರಾರು ಕಾನೂನು ಅನ್ವಯಿಸುವುದಿಲ್ಲ ಎಂದು ಅದರ 7ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಆ ವ್ಯಾಪ್ತಿಗೆ ಬರಲು ‘ಸಂವಿಧಾನದ ಕೊಂಡಿ’ ಒಂದು ಬೇಕು: ಎರಡು ಪಕ್ಷಗಳಲ್ಲಿ ಒಂದಾದರೂ ವ್ಯಾಪಾರಿ ಅಥವಾ ಹಣಕಾಸು ಕಂಪನಿ, ಇಲ್ಲವೇ ವಿದೇಶಿ ಕಂಪನಿ ಆಗಿರಬೇಕು, ಅಥವಾ ಕೇಂದ್ರ ಸರ್ಕಾರ ಇರಬೇಕು, ಅಥವಾ ಕೇಂದ್ರಾಡಳಿತ ಪ್ರದೇಶದ ನಂಟಿರಬೇಕು. ನಿಮ್ಮದು ಮೊದಲನೆಯದರಲ್ಲೇ ಸಿಕ್ಕಿಬಿತ್ತು.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ತೆರಿಗೆಗೆ ಅನುಕೂಲವೆಂದು ಲೆಕ್ಕಿಗರ ಮಾತು ಕೇಳಿ ತಾವೇ ಒಂದು ಪಿಟಿವೈ ಲಿಮಿಟೆಡ್ ತೆರೆದು ಅದರ ಹೆಸರಿನಲ್ಲಿ ಸಹಿ ಹಾಕುತ್ತಾರೆ. ಎದುರುಪಕ್ಷ ಸಾಧಾರಣ ಪಾಲುದಾರಿಕೆ ಸಂಸ್ಥೆಯಾಗಿದ್ದರೂ ಸರಿ, ನಿಮ್ಮ ಕಂಪನಿಯೇ ಕೊಂಡಿಯಾಗಿ 106ನೇ ಸೆಕ್ಷನ್ ಕೈತಪ್ಪುತ್ತದೆ. ಇಬ್ಬರೂ ಕಂಪನಿಯಲ್ಲದ, ಬೇರೆ ಕೊಂಡಿಯೂ ಇಲ್ಲದ ಕರಾರಿಗೆ ಮಾತ್ರ ಅದು ಈಗಲೂ ಜೀವಂತ.

ಹಾಗಾದರೆ ನಿಮಗೆ ದಾರಿ ಯಾವುದು? ಸಹಿ ಹಾಕಿದ ತಾರೀಖು ನೋಡಿ. 2024ರ ಆಗಸ್ಟ್ 26 ಅಥವಾ ನಂತರದ ಕರಾರಾದರೆ, ನಿಮ್ಮ ವಾರ್ಷಿಕ ಗಳಿಕೆ ಗುತ್ತಿಗೆದಾರರ ಆದಾಯ ಮಿತಿಗಿಂತ ಕೆಳಗಿದ್ದರೆ, ಕೇಂದ್ರದ ಕೈಗಾರಿಕಾ ಮಧ್ಯಸ್ಥಿಕೆ ಸಂಸ್ಥೆಯಾದ ಫೇರ್ ವರ್ಕ್ ಕಮಿಷನ್‌ಗೆ ಅರ್ಜಿ ಹಾಕಬಹುದು. ಮಿತಿ 2024–25ರಲ್ಲಿ 1,75,000 ಡಾಲರ್ ಇತ್ತು, ಪ್ರತಿ ಜುಲೈ 1ಕ್ಕೆ ಏರುತ್ತದೆ. ಹಳೆಯ ಕರಾರಿನವರಿಗೂ ಮಿತಿ ಮೀರಿ ಗಳಿಸುವವರಿಗೂ ಉಳಿಯುವುದು 2006ರ ಕಾಯ್ದೆ, ಅಂದರೆ ಫೆಡರಲ್ ಕೋರ್ಟ್ ಅಥವಾ ಫೆಡರಲ್ ಸರ್ಕ್ಯೂಟ್ ಮತ್ತು ಕುಟುಂಬ ನ್ಯಾಯಾಲಯದ ಎರಡನೇ ವಿಭಾಗ. ಅಲ್ಲಿ ಒಂದು ದೊಡ್ಡ ಕೊರತೆ: ಸಹಿ ಹಾಕಿದಾಗಿನ ಪರಿಸ್ಥಿತಿಯನ್ನಷ್ಟೇ ನ್ಯಾಯಾಲಯ ನೋಡಬಹುದು. ಆಮೇಲೆ ದರ ಇಳಿಸಿದ್ದಕ್ಕೆ ಬೆಲೆಯಿಲ್ಲ, ದರ ಇಳಿಸಲು ಬಿಡುವ ಷರತ್ತು ಮೊದಲೇ ಇತ್ತು ಎಂದು ತೋರಿಸಬೇಕು. ವರ್ಷ ವರ್ಷ ನವೀಕರಿಸುವವರಲ್ಲಿ ‘ಇದು ಹೊಸ ಕರಾರೋ, ಹಳೆಯದರ ಮುಂದುವರಿಕೆಯೋ’ ಎಂಬುದೇ ಮೊದಲ ಜಗಳವಾಗುತ್ತದೆ. ಆದ್ದರಿಂದ ನವೀಕರಣದ ಇಮೇಲ್‌ಗಳನ್ನು ಅಳಿಸಬೇಡಿ.

ಕಮಿಷನ್ ಷರತ್ತನ್ನು ತೆಗೆಯಬಹುದು, ತಿದ್ದಬಹುದು. ಪರಿಹಾರದ ಹಣ ಕೊಡಿಸುವ ಅಧಿಕಾರ ಅದಕ್ಕಿಲ್ಲ. ಇದರ ಹಿಂದಿರುವುದೂ ಸಂವಿಧಾನವೇ. ಕೇಂದ್ರದ ನ್ಯಾಯಿಕ ಅಧಿಕಾರವನ್ನು ನ್ಯಾಯಾಲಯಗಳಷ್ಟೇ ಚಲಾಯಿಸಬೇಕು, ಕೈಗಾರಿಕಾ ಮಧ್ಯಸ್ಥಿಕೆ ನಡೆಸುವ ಸಂಸ್ಥೆಗೆ ಅದನ್ನು ಕೊಡುವಂತಿಲ್ಲ ಎಂದು 1956ರ ಬಾಯ್ಲರ್‌ಮೇಕರ್ಸ್ ಪ್ರಕರಣದಲ್ಲಿ ಹೈಕೋರ್ಟ್ ಹೇಳಿತು. ಮುಂದಕ್ಕೆ ಯಾವ ಷರತ್ತು ಇರಬೇಕು ಎಂದು ಗೊತ್ತುಮಾಡುವುದು ಮಧ್ಯಸ್ಥಿಕೆಯ ಕೆಲಸ. ಆಗಿಹೋದ ಹಕ್ಕಿನ ಉಲ್ಲಂಘನೆಗೆ ತೀರ್ಪು ಕೊಡುವುದು ಕೋರ್ಟಿನ ಕೆಲಸ. ಕಳೆದುಕೊಂಡ ಹಣವೇ ನಿಮ್ಮ ಮುಖ್ಯ ದೂರಾದರೆ ಕಮಿಷನ್‌ನಿಂದ ಹೆಚ್ಚು ನಿರೀಕ್ಷಿಸಬೇಡಿ.

ಅರ್ಜಿಗೆ ಮುಂಚೆ ಮಾಡಬೇಕಾದ್ದು: ಎಬಿಎನ್ ಹುಡುಕಾಟದ ಜಾಲತಾಣದಲ್ಲಿ ಎದುರುಪಕ್ಷದ ಕಾನೂನುಬದ್ಧ ಹೆಸರು, ಸ್ವರೂಪ ನೋಡಿ. ಬೋರ್ಡಿನ ಮೇಲಿರುವುದು ವ್ಯಾಪಾರದ ಹೆಸರಷ್ಟೇ, ಹಿಂದೆ ಟ್ರಸ್ಟ್ ಇರಬಹುದು, ಆ ಟ್ರಸ್ಟಿಗೆ ಟ್ರಸ್ಟಿಯಾಗಿ ಕಂಪನಿ ಇರಬಹುದು. ಕಳೆದ 12 ತಿಂಗಳ ಬಿಲ್‌ಗಳಿಂದ ಸಾಮಗ್ರಿ, ಪೆಟ್ರೋಲ್, ವಿಮೆ ಕಳೆದು ಗಂಟೆಗೆ ಎಷ್ಟು ಉಳಿಯಿತೆಂದು ಲೆಕ್ಕ ಹಾಕಿ, 2020ರ ಕ್ಲೀನಿಂಗ್ ಸರ್ವಿಸಸ್ ಅವಾರ್ಡ್‌ನ ದರದ ಪಕ್ಕ ಇಡಿ. ‘ಅನ್ಯಾಯ’ ಎಂದು ಹತ್ತು ಪುಟ ಬರೆಯುವುದಕ್ಕಿಂತ ಆ ಎರಡು ಅಂಕಣದ ಕಾಗದಕ್ಕೆ ತೂಕ ಹೆಚ್ಚು. ಇನ್ನೊಂದು: ಸಮಯ, ಸಲಕರಣೆ, ಸಮವಸ್ತ್ರ ಎಲ್ಲವನ್ನೂ ಕಂಪನಿಯೇ ನಿಯಂತ್ರಿಸುತ್ತಿದ್ದರೆ ನೀವು ನಿಜಕ್ಕೂ ಗುತ್ತಿಗೆದಾರರೇ ಎಂಬುದೇ ಅನುಮಾನ. ಕಾಗದದ ಮೇಲಿನ ಹಕ್ಕು-ಹೊಣೆಗಳೇ ಮುಖ್ಯವೆಂದು 2022ರಲ್ಲಿ ಹೈಕೋರ್ಟ್ ಹೇಳಿತ್ತು. 2024ರ ಆಗಸ್ಟ್ 26ರಿಂದ ಕೇಂದ್ರದ ಉದ್ಯೋಗ ಕಾನೂನಾದ ಫೇರ್ ವರ್ಕ್ ಕಾಯ್ದೆಯ ದೃಷ್ಟಿಯಲ್ಲಿ ಸಂಬಂಧದ ನಿಜ ಸ್ವರೂಪವನ್ನೂ ನೋಡಬೇಕು. ನೌಕರ ಎಂದಾದರೆ ಬಾಕಿ ಕೂಲಿಯನ್ನೇ ಕೇಳಬಹುದು, ಆರು ವರ್ಷ ಹಿಂದಕ್ಕೂ.

ಪ್ರಶ್ನೆ: ನಾನು ಗುತ್ತಿಗೆಯಲ್ಲ, ಖಾಸಗಿ ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರ. ಎರಡು ವರ್ಷದೊಳಗೆ ಬಿಟ್ಟರೆ ವೀಸಾ ಖರ್ಚು ವಾಪಸ್ ಕೊಡಬೇಕು, ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರುವಂತಿಲ್ಲ ಎಂದು ಕರಾರಿನಲ್ಲಿದೆ. 106ನೇ ಸೆಕ್ಷನ್ ನನಗೆ ಸಿಗುತ್ತದೆಯೇ? (ಪ್ಯಾರಾಮಟ್ಟಾ)

ಉತ್ತರ: ಇಲ್ಲ. ಫೇರ್ ವರ್ಕ್ ಕಾಯ್ದೆ 2009ರ 26ನೇ ಸೆಕ್ಷನ್ ರಾಜ್ಯದ ಕೈಗಾರಿಕಾ ಕಾನೂನುಗಳನ್ನು ಹೊರಗಿಡುತ್ತದೆ, ಅನ್ಯಾಯದ ಉದ್ಯೋಗ ಕರಾರು ತಿದ್ದುವ ಅಧಿಕಾರವನ್ನು ಪ್ರತ್ಯೇಕವಾಗಿಯೇ ಹೆಸರಿಸಿ. ಕಂಪನಿಗಳ ಮೇಲಿನ ಅಧಿಕಾರ ಹಿಡಿದು ಕೇಂದ್ರ ಇಷ್ಟು ದೂರ ಹೋಗಬಹುದೇ ಎಂಬ ಪ್ರಶ್ನೆಗೆ 2006ರ ನವೆಂಬರ್ 14ರಂದು ವರ್ಕ್ ಚಾಯ್ಸಸ್ ಪ್ರಕರಣದಲ್ಲಿ ಹೈಕೋರ್ಟ್ 5–2ರ ಬಹುಮತದಿಂದ ‘ಹೋಗಬಹುದು’ ಎಂದಿತು. ಕೇಂದ್ರದ ಕಾಯ್ದೆಯಲ್ಲಿ ನೌಕರರಿಗೆ 106ಕ್ಕೆ ಸಮನಾದ ಪರಿಹಾರವನ್ನು ಇಡಲೇ ಇಲ್ಲ. ಗುತ್ತಿಗೆದಾರನಿಗೆ ಇರುವ ಪರಿಹಾರ ನೌಕರನಿಗೆ ಇಲ್ಲದಿರುವುದು ವಿಚಿತ್ರವೇ ಸರಿ.

ಆದರೆ ನಿಮ್ಮ ಎರಡೂ ಷರತ್ತಿಗೆ ಬೇರೆ ಮದ್ದಿದೆ. ಪ್ರಾಯೋಜಿತ ವೀಸಾ ಆದರೆ ನೇಮಕಾತಿ ಖರ್ಚು, ವಲಸೆ ಏಜೆಂಟರ ಶುಲ್ಕಗಳನ್ನು ನೌಕರನಿಂದ ವಸೂಲಿ ಮಾಡುವುದನ್ನು ವಲಸೆ ನಿಯಮಾವಳಿಯೇ ಪ್ರಾಯೋಜಕರಿಗೆ ನಿಷೇಧಿಸಿದೆ. ಅಸಮಂಜಸವಾಗಿ ಹಣ ಕಟ್ಟುವಂತೆ ನೌಕರನನ್ನು ಒತ್ತಾಯಿಸುವುದನ್ನು ಫೇರ್ ವರ್ಕ್ ಕಾಯ್ದೆಯ 325ನೇ ಸೆಕ್ಷನ್ ತಡೆಯುತ್ತದೆ. ಪ್ರತಿಸ್ಪರ್ಧೆಯ ನಿರ್ಬಂಧ ಅತಿಯಾಗಿದ್ದರೆ ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಬಹುದು. ಆದರೆ ನ್ಯೂ ಸೌತ್ ವೇಲ್ಸ್‌ನ 1976ರ ವ್ಯಾಪಾರ ನಿರ್ಬಂಧ ಕಾಯ್ದೆ ಅಂಥ ಷರತ್ತನ್ನು ಪೂರ್ತಿ ಬೀಳಿಸದೆ ಸಮಂಜಸವಾದಷ್ಟನ್ನು ಉಳಿಸಿಕೊಡುತ್ತದೆ ಎಂಬುದು ಗಮನದಲ್ಲಿರಲಿ. ಕೆಲಸದಿಂದ ತೆಗೆದುಹಾಕಿದರೆ 21 ದಿನದೊಳಗೆ ಫೇರ್ ವರ್ಕ್ ಕಮಿಷನ್‌ಗೆ ಹೋಗಬೇಕು. ‘ಮೊದಲು 106 ನೋಡೋಣ’ ಎಂದು ಕೂತರೆ ಆ 21 ದಿನ ಕಳೆದೇಹೋಗುತ್ತದೆ.

ಪ್ರಶ್ನೆ: ನಗರಸಭೆಯಲ್ಲಿ ಎಂಜಿನಿಯರ್ ಆಗಿರುವ ನನಗೆ? ನಗರಸಭೆಯೂ ಒಂದು ಸಂಸ್ಥೆಯೇ ಅಲ್ಲವೇ? (ನ್ಯೂಕಾಸಲ್)

ಉತ್ತರ: ಒಳ್ಳೆಯ ಅನುಮಾನ. 2008ರಲ್ಲಿ ರಾಜ್ಯ ಸರ್ಕಾರ ಇದನ್ನೇ ಯೋಚಿಸಿ ಸ್ಥಳೀಯ ಆಡಳಿತ ಕಾಯ್ದೆಗೆ ತಿದ್ದುಪಡಿ ತಂದು ನಗರಸಭೆಗಳ ಕಾನೂನು ಸ್ವರೂಪವನ್ನೇ ಬದಲಿಸಿತು. ಅವು ಈಗ ಕಾರ್ಪೊರೇಟ್ ಸಂಸ್ಥೆಗಳಲ್ಲ, ರಾಜ್ಯದ ರಾಜಕೀಯ ಅಂಗಗಳು. ಕೇಂದ್ರದ ಕಂಪನಿ ಅಧಿಕಾರದ ಕೈಗೆ ಸಿಗದಿರಲಿ ಎಂದೇ ಈ ಏರ್ಪಾಡು. 2010ರ ಜನವರಿ 1ರಿಂದ ಖಾಸಗಿ ವಲಯದ ಉಳಿದ ಉದ್ಯೋಗದಾತರ ಮೇಲಿನ ಅಧಿಕಾರವನ್ನೂ ರಾಜ್ಯ ಕೇಂದ್ರಕ್ಕೆ ಒಪ್ಪಿಸಿತು, ಆದರೆ ತನ್ನ ನೌಕರರನ್ನೂ ನಗರಸಭೆಗಳನ್ನೂ ಉಳಿಸಿಕೊಂಡಿತು. ಹಾಗಾಗಿ ನಿಮಗೆ 106ನೇ ಸೆಕ್ಷನ್ ಅನ್ವಯಿಸುತ್ತದೆ.

ನೆನಪಿಡಬೇಕಾದ ಮಿತಿಗಳು ಮೂರು. ಕರಾರು ಮುಗಿದ 12 ತಿಂಗಳೊಳಗೆ ಅರ್ಜಿ ಹಾಕಬೇಕು. ಸಂಬಳ ಮೇಲೆ ಹೇಳಿದ 2,00,000 ಡಾಲರ್ ದಾಟಿರಬಾರದು, ಮತ್ತು ಇದು ಇಡೀ ಸಂಬಳದ ಪ್ಯಾಕೇಜಿನ ಲೆಕ್ಕವಾದ್ದರಿಂದ ಕಾರಿನಂಥ ಸೌಲಭ್ಯಗಳನ್ನು ಮರೆಯಬೇಡಿ. ಅನ್ಯಾಯದ ವಜಾ ಎಂದು ಅರ್ಜಿ ಹಾಕಬಹುದಾದ ಪ್ರಕರಣವನ್ನು ಅನ್ಯಾಯದ ಕರಾರು ಎಂದು ಹೆಸರು ಬದಲಿಸಿ ತರುವಂತಿಲ್ಲ, ವಜಾ ಅರ್ಜಿಗೆ ರಾಜ್ಯದಲ್ಲೂ 21 ದಿನವೇ ಗಡುವು. ವಿಚಾರಣೆಗೆ ಮುಂಚೆ ರಾಜಿಯ ಪ್ರಯತ್ನ ನಡೆದೇ ನಡೆಯುತ್ತದೆ. ಹಲವು ಪ್ರಕರಣಗಳು ಅಲ್ಲೇ ಮುಗಿಯುವುದರಿಂದ ನಿಮಗೆ ಬೇಕಾದ ತಿದ್ದುಪಡಿಯ ವಾಕ್ಯವನ್ನು ಬರೆದುಕೊಂಡೇ ಹೋಗಿ.

ಪ್ರಶ್ನೆ: ಕೆಲಸದ ಜೊತೆಗೆ ಷೇರು ಒಪ್ಪಂದವೊಂದಕ್ಕೂ ಸಹಿ ಹಾಕಿಸಿಕೊಂಡಿದ್ದಾರೆ. ಕೆಲಸ ಬಿಟ್ಟರೆ ಷೇರು ಅಗ್ಗದ ಬೆಲೆಗೆ ವಾಪಸ್. ಇದನ್ನೂ ‘ಕೆಲಸದ ಕರಾರು’ ಎನ್ನಬಹುದೇ? (ನಾರ್ತ್ ಸಿಡ್ನಿ)

ಉತ್ತರ: ರಾಜ್ಯ ಕಾಯ್ದೆಯ ಮಟ್ಟಿಗೆ ಇದಕ್ಕೆ ಹೈಕೋರ್ಟಿನ ಉತ್ತರವೇ ಇದೆ: 2006ರ ಫಿಶ್ ವಿರುದ್ಧ ಸಲ್ಯೂಷನ್ 6 ಹೋಲ್ಡಿಂಗ್ಸ್. ಅದರಲ್ಲೂ ಷೇರು ಒಪ್ಪಂದ ಒಂದು, ಉದ್ಯೋಗದ ಕರಾರು ಇನ್ನೊಂದು. ಕೆಲಸ ನಡೆಯುವುದು ಯಾವ ಕರಾರಿನಿಂದಲೋ ಅದನ್ನು ಮಾತ್ರ ಕೈಗಾರಿಕಾ ನ್ಯಾಯಾಲಯ ಮುಟ್ಟಬಹುದು. ಕೆಲಸ ಸಿಗುವ ಸಂದರ್ಭದಲ್ಲಿ ಆದ ಪ್ರತಿಯೊಂದು ವಾಣಿಜ್ಯ ಒಪ್ಪಂದವೂ ಅದರ ವಶವಾಗುವುದಿಲ್ಲ ಎಂದಿತು ಬಹುಮತ. ಇನ್ನೂ ಮುಖ್ಯವಾದದ್ದೆಂದರೆ, ಇದು ಅಧಿಕಾರವ್ಯಾಪ್ತಿಯ ಪ್ರಶ್ನೆ, ಆದ್ದರಿಂದ ಕೈಗಾರಿಕಾ ಸಂಸ್ಥೆ ತೀರ್ಪು ಕೊಡುವ ಮುಂಚೆಯೇ ಸುಪ್ರೀಂ ಕೋರ್ಟ್ ಅದನ್ನು ತಡೆಯಬಹುದು ಎಂದದ್ದು. ಎದುರುಪಕ್ಷದ ವಕೀಲರಿಗೆ ಅಂದಿನಿಂದ ಇದು ಮೊದಲ ಅಸ್ತ್ರ.

ಈ ತೀರ್ಪಿಗೆ ಮುಂಚೆಯೇ, 2005ರಲ್ಲಿ, ಶಾಸನಸಭೆ 106ಕ್ಕೆ 2ಎ ಉಪಸೆಕ್ಷನ್ ಸೇರಿಸಿತ್ತು. ಜೊತೆಗಿನ ಒಪ್ಪಂದ ಕೆಲಸಕ್ಕೆ ಸಂಬಂಧಿಸದಿದ್ದರೂ ಮುಟ್ಟಬಹುದು, ಆದರೆ ಅದು ಕೆಲಸದ ಕರಾರಿಗೆ ತಳಕು ಹಾಕಿಕೊಂಡಿರಬೇಕು ಮತ್ತು ಒಟ್ಟು ವ್ಯವಸ್ಥೆಯಲ್ಲಿ ಕೆಲಸ ಮಾಡುವುದು ಒಂದು ಮಹತ್ವದ ಉದ್ದೇಶವಾಗಿರಬೇಕು. ಅರ್ಜಿಯಲ್ಲಿ ಎರಡೂ ಕರಾರುಗಳನ್ನು ಹೆಸರಿಸಿ, ಒಂದರ ಯಾವ ಷರತ್ತು ಇನ್ನೊಂದನ್ನು ಎಳೆದು ತರುತ್ತದೆ ಎಂದು ಸಂಖ್ಯೆ ಸಹಿತ ತೋರಿಸಬೇಕು. ಷೇರು ಒಪ್ಪಂದವೊಂದನ್ನೇ ಹಿಡಿದುಕೊಂಡು ಹೋದ ಅರ್ಜಿ ಮೊದಲ ದಿನವೇ ತೂಗಾಡುತ್ತದೆ. ಆದರೆ ನಿಮ್ಮ ಉದ್ಯೋಗದಾತ ಖಾಸಗಿ ಕಂಪನಿಯಾದರೆ ಈ ವಾದವೆಲ್ಲ ಪಾಂಡಿತ್ಯವಷ್ಟೇ, ಪ್ಯಾರಾಮಟ್ಟಾದ ಓದುಗರಿಗೆ ಕೊಟ್ಟ ಉತ್ತರವೇ ನಿಮಗೂ.

ಪ್ರಶ್ನೆ: ಕೈಗಾರಿಕಾ ನ್ಯಾಯಾಲಯದ ತೀರ್ಪೇ ಅಂತಿಮ, ಬೇರಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂದು ರಾಜ್ಯ ಕಾಯ್ದೆಯ 179ನೇ ಸೆಕ್ಷನ್‌ನಲ್ಲಿ ಓದಿದೆ. ಹಾಗಿದ್ದರೆ ತಪ್ಪು ತೀರ್ಪು ಬಂದರೆ ಗತಿ ಏನು? (ವೊಲೊಂಗಾಂಗ್)

ಉತ್ತರ: ಅಕ್ಷರಶಃ ಓದಿದರೆ ಗತಿಯಿಲ್ಲ ಎನಿಸುತ್ತದೆ. 2005ರ ತಿದ್ದುಪಡಿಯಂತೂ ‘ತೀರ್ಪು ಎಂದು ಹೊರಡಿಸಿದ’ ಆದೇಶಗಳಿಗೂ, ಅಂದರೆ ಕಾನೂನಿನ ಕಣ್ಣಲ್ಲಿ ತೀರ್ಪೇ ಅಲ್ಲದವಕ್ಕೂ, ಆ ರಕ್ಷಣೆಯನ್ನು ಚಾಚಿತ್ತು. ಇದನ್ನು ಮುರಿದದ್ದು 2010ರ ಫೆಬ್ರವರಿ 3ರ ಕರ್ಕ್ ವಿರುದ್ಧ ಇಂಡಸ್ಟ್ರಿಯಲ್ ಕೋರ್ಟ್ ಆಫ್ ನ್ಯೂ ಸೌತ್ ವೇಲ್ಸ್ ತೀರ್ಪು.

ಅದು ಕರಾರಿನ ಪ್ರಕರಣವಲ್ಲ, ಕೆಲಸದ ಸುರಕ್ಷತೆಯದ್ದು. 2001ರಲ್ಲಿ ಕೃಷಿ ಜಮೀನಿನ ಮ್ಯಾನೇಜರ್ ಒಬ್ಬರು ನಾಲ್ಕು ಗಾಲಿಯ ವಾಹನ ಉರುಳಿ ಸತ್ತರು. ಜಮೀನಿನ ಕಂಪನಿಗೂ ಅದರ ನಿರ್ದೇಶಕರಿಗೂ ಶಿಕ್ಷೆಯಾಯಿತು. ಆರೋಪಪತ್ರದಲ್ಲಿ ಅವರು ಯಾವ ಮುನ್ನೆಚ್ಚರಿಕೆ ತೆಗೆದುಕೊಳ್ಳಬೇಕಿತ್ತು ಎಂಬುದೇ ಇರಲಿಲ್ಲ. ಮೇಲಾಗಿ ಆರೋಪಿಯನ್ನೇ ಪ್ರಾಸಿಕ್ಯೂಷನ್ ಕಡೆಯ ಸಾಕ್ಷಿಯಾಗಿ ಕರೆಸಿದ್ದರು, ಸಾಕ್ಷ್ಯ ಕಾಯ್ದೆ ಅದನ್ನು ಒಪ್ಪುವುದಿಲ್ಲ. ಎರಡೂ ಅಧಿಕಾರವ್ಯಾಪ್ತಿ ಮೀರಿದ ತಪ್ಪುಗಳು ಎಂದಿತು ಹೈಕೋರ್ಟ್.

ಆಮೇಲಿನ ಹೆಜ್ಜೆ ಇಡೀ ದೇಶಕ್ಕೆ ಮುಖ್ಯವಾಯಿತು. ಸಂವಿಧಾನದ 73ನೇ ವಿಧಿ ಪ್ರತಿ ರಾಜ್ಯದ ಸುಪ್ರೀಂ ಕೋರ್ಟಿನಿಂದ ಹೈಕೋರ್ಟಿಗೆ ಮೇಲ್ಮನವಿ ಇದೆ ಎನ್ನುತ್ತದೆ. ಅಂದರೆ ಸುಪ್ರೀಂ ಕೋರ್ಟ್ ಎಂಬುದು ರಾಜ್ಯದಲ್ಲಿ ಇರಲೇಬೇಕು, ಹೆಸರಿಗಷ್ಟೇ ಅಲ್ಲ, ಸ್ವಭಾವದಲ್ಲೂ. ಕೆಳಗಿನ ನ್ಯಾಯಾಲಯಗಳು ತಮ್ಮ ಗಡಿ ದಾಟದಂತೆ ನೋಡಿಕೊಳ್ಳುವುದು ಆ ಸ್ವಭಾವದ ತಿರುಳು. ಅದನ್ನು ಕಿತ್ತುಕೊಳ್ಳುವ ಅಧಿಕಾರ ರಾಜ್ಯ ಶಾಸನಸಭೆಗಿಲ್ಲ. ಆದ್ದರಿಂದ 179ನೇ ಸೆಕ್ಷನ್ ಅಧಿಕಾರವ್ಯಾಪ್ತಿಯ ತಪ್ಪನ್ನು ಮುಚ್ಚಲಾರದು.

ಅಂದಮಾತ್ರಕ್ಕೆ ಪ್ರತಿ ತಪ್ಪಿಗೂ ಸುಪ್ರೀಂ ಕೋರ್ಟ್ ತೆರೆದಿದೆ ಎಂದಲ್ಲ. ಕೆಲಸಕ್ಕೆ ಸಂಬಂಧವೇ ಇಲ್ಲದ ಒಪ್ಪಂದವನ್ನು 106ರಡಿ ತಿದ್ದಿದರೆ, ಕೇಂದ್ರ ಕಾನೂನು ಹೊರಗಿಟ್ಟ ಕರಾರಿನ ಮೇಲೆ ಆದೇಶ ಮಾಡಿದರೆ, ನಿಮ್ಮ ವಾದ ಕೇಳದೆಯೇ ತೀರ್ಮಾನಿಸಿದರೆ ಅದು ಗಡಿ ದಾಟಿದ ತಪ್ಪು. ಸಾಕ್ಷಿಯನ್ನು ನಂಬಬೇಕಿತ್ತು, ಪರಿಹಾರ 40,000 ಬದಲು 60,000 ಡಾಲರ್ ಇರಬೇಕಿತ್ತು, ಷರತ್ತು ಅಷ್ಟೇನೂ ಅನ್ಯಾಯವಲ್ಲ ಎಂಬುವು ಗಡಿಯೊಳಗಿನ ತಪ್ಪುಗಳು; ಅವಕ್ಕೆ 179 ಇಂದಿಗೂ ಅಡ್ಡ ನಿಲ್ಲುತ್ತದೆ. ಸೋತವರು ಎರಡನೆಯದನ್ನು ಮೊದಲನೆಯದರ ವೇಷದಲ್ಲಿ ತರಲು ನೋಡುತ್ತಾರೆ, ನ್ಯಾಯಾಧೀಶರಿಗೆ ಅದು ಬೇಗ ಕಾಣುತ್ತದೆ, ಎದುರುಪಕ್ಷದ ಖರ್ಚು ಸೋತವರ ತಲೆಗೇ ಬರುತ್ತದೆ. ಹೋಗುವುದೇ ಆದರೆ 1970ರ ಸುಪ್ರೀಂ ಕೋರ್ಟ್ ಕಾಯ್ದೆಯ 69ನೇ ಸೆಕ್ಷನ್‌ನಡಿ, ತೀರ್ಪಿನಿಂದ ಮೂರು ತಿಂಗಳೊಳಗೆ.

ಇನ್ನೊಂದು ಗೊಂದಲ ತೆಗೆಯಬೇಕು. ಹಳೆಯ ಕೈಗಾರಿಕಾ ನ್ಯಾಯಾಲಯವನ್ನು 2016ರ ಡಿಸೆಂಬರ್‌ನಲ್ಲಿ ಮುಚ್ಚಿ ಅದರ ಕೆಲಸವನ್ನು ಸುಪ್ರೀಂ ಕೋರ್ಟಿಗೆ ವಹಿಸಿದ್ದರು. 2024ರ ಜುಲೈ 1ರಿಂದ ಅದನ್ನು ಮತ್ತೆ ಸ್ಥಾಪಿಸಿದ್ದಾರೆ. ನಡುವಿನ ವರ್ಷಗಳ ಮಾರ್ಗದರ್ಶಿಗಳನ್ನು ಓದುತ್ತಿದ್ದರೆ ಅರ್ಜಿ ಎಲ್ಲಿ ಸಲ್ಲಿಸಬೇಕೆಂಬುದು ತಪ್ಪಾಗಿಯೇ ಇರುತ್ತದೆ.

ಪ್ರಶ್ನೆ: ನಾನು ಆಲ್ಬರಿಯಲ್ಲಿ ಒಬ್ಬನೇ ಪೇಂಟಿಂಗ್ ಕೆಲಸ ಮಾಡುವವನು. ಕೆಲಸ ಕೊಟ್ಟವರು ನದಿಯಾಚೆ ವಿಕ್ಟೋರಿಯಾದ ವೊಡೊಂಗಾ ನಿವಾಸಿ, ಕಂಪನಿಯಿಲ್ಲ. ಕೆಲಸವೆಲ್ಲ ಆಲ್ಬರಿಯಲ್ಲೇ. ಬೇರೆ ರಾಜ್ಯದವರ ಮೇಲೆ ಇಲ್ಲಿ ಅರ್ಜಿ ಹಾಕಬಹುದೇ?

ಉತ್ತರ: ಕಂಪನಿಯಿಲ್ಲದ್ದರಿಂದ 106ನೇ ಸೆಕ್ಷನ್ ನಿಮಗೆ ಉಳಿದಿದೆ. ಆದರೆ ಎರಡು ರಾಜ್ಯಗಳ ನಿವಾಸಿಗಳ ನಡುವಿನ ವ್ಯಾಜ್ಯ ಸಂವಿಧಾನದ 75ನೇ ವಿಧಿಯ ಪಟ್ಟಿಯಲ್ಲಿದೆ, ಅದು ಫೆಡರಲ್ ವಿಷಯ. ಇಂಥದ್ದನ್ನು ನ್ಯಾಯಾಲಯವಲ್ಲದ ರಾಜ್ಯ ಟ್ರಿಬ್ಯೂನಲ್ ತೀರ್ಮಾನಿಸುವಂತಿಲ್ಲ ಎಂದು 2018ರ ಬರ್ನ್ಸ್ ವಿರುದ್ಧ ಕಾರ್ಬೆಟ್‌ನಲ್ಲಿ ಹೈಕೋರ್ಟ್ ಹೇಳಿದೆ. ರಾಜ್ಯದ ‘ನ್ಯಾಯಾಲಯ’ಕ್ಕೆ ಮಾತ್ರ 1903ರ ನ್ಯಾಯಾಂಗ ಕಾಯ್ದೆಯ 39ನೇ ಸೆಕ್ಷನ್ ಆ ಅಧಿಕಾರ ಕೊಡುತ್ತದೆ. ಆದ್ದರಿಂದ ನಿಮ್ಮ ಪ್ರಕರಣದಲ್ಲಿ ಆದೇಶ ಹೊರಡಿಸಬೇಕಾದ್ದು ಕೈಗಾರಿಕಾ ನ್ಯಾಯಾಲಯವಾಗಿಯೇ ಹೊರತು ಬರೀ ರಾಜ್ಯದ ಕೈಗಾರಿಕಾ ಸಂಬಂಧಗಳ ಆಯೋಗವಾಗಿ ಅಲ್ಲ. ಎದುರುಪಕ್ಷ ಕಂಪನಿಯಾಗಿದ್ದರೆ ಈ ನಿವಾಸದ ತೊಡಕೇ ಬರುತ್ತಿರಲಿಲ್ಲ, ಈ ವಿಧಿಯ ಲೆಕ್ಕದಲ್ಲಿ ಕಂಪನಿ ‘ನಿವಾಸಿ’ಯಲ್ಲ. ಆದರೆ ಆಗ 106ನೇ ಸೆಕ್ಷನ್ನೇ ಇರುತ್ತಿರಲಿಲ್ಲ!

ಎದುರುಪಕ್ಷ ‘ರಾಜ್ಯ ಕಾನೂನು 109ನೇ ವಿಧಿಯಡಿ ನಿಷ್ಕ್ರಿಯ’ ಎಂದು ಬರೆದುಕೊಟ್ಟರೆ ಆ ವಾದವೂ ವ್ಯಾಜ್ಯವನ್ನು ಫೆಡರಲ್ ಆಗಿಸುತ್ತದೆ. ವಾದ ಗೆಲ್ಲಬೇಕಿಲ್ಲ, ತೀರಾ ಹುರುಳಿಲ್ಲದ್ದಲ್ಲದಿದ್ದರೆ ಸಾಕು ಎಂದು 2022ರ ಸಿಟ್ಟಾ ಹೋಬರ್ಟ್ ತೀರ್ಪು. ಅಂಥ ವಾದ ಬಂದೊಡನೆ ನ್ಯಾಯಾಂಗ ಕಾಯ್ದೆಯ 78ಬಿ ಸೆಕ್ಷನ್ ಪ್ರಕಾರ ಕೇಂದ್ರ ಮತ್ತು ರಾಜ್ಯಗಳ ಅಟಾರ್ನಿ ಜನರಲ್‌ಗಳಿಗೆ ನೋಟಿಸ್ ಹೋಗಬೇಕು, ಅವರಿಗೆ ಸಾಕಷ್ಟು ಸಮಯ ಕೊಡುವವರೆಗೆ ಆ ಪ್ರಶ್ನೆಯ ವಿಚಾರಣೆ ನಡೆಯುವುದಿಲ್ಲ. ವಿಚಾರಣೆಯ ಹಿಂದಿನ ದಿನ ಈ ವಾದ ಎತ್ತಿ ದಿನಾಂಕ ಮುಂದೂಡಿಸುವುದು ಹಳೆಯ ತಂತ್ರ. ಪ್ರತಿವಾದಿಯ ಉತ್ತರ ಬಂದ ವಾರವೇ ‘ಸಂವಿಧಾನದ ತಕರಾರು ಇದೆಯೇ’ ಎಂದು ಲಿಖಿತವಾಗಿ ಕೇಳಿಬಿಡಿ.

ಪ್ರಶ್ನೆ: ಸ್ವಂತ ಲಾರಿ, ಒಂದೇ ಕಂಪನಿಗೆ ಸರಕು ಸಾಗಣೆ. ನನಗೂ ಬ್ಲ್ಯಾಕ್‌ಟೌನ್‌ನವರ ಉತ್ತರವೇ ಅನ್ವಯವೇ? (ಡಬ್ಬೊ)

ಉತ್ತರ: ಭಾಗಶಃ. ರಾಜ್ಯ ಕಾಯ್ದೆಯ 6ನೇ ಅಧ್ಯಾಯ ಸಾಗಣೆ ಕರಾರುಗಳದ್ದು, ಕೇಂದ್ರದ 2006ರ ಕಾಯ್ದೆ ಅದನ್ನು ಹೆಸರಿಸಿ ಉಳಿಸಿಕೊಂಡಿದೆ. ಆಯೋಗ ಗೊತ್ತುಮಾಡಿದ ಕನಿಷ್ಠ ದರ, ಕರಾರು ಮುರಿದರೆ ಮರುಸ್ಥಾಪನೆಯ ಅರ್ಜಿ ಎಲ್ಲ ಅಲ್ಲೇ ಸಿಗುತ್ತವೆ, ಎದುರುಪಕ್ಷ ಕಂಪನಿಯಾಗಿದ್ದರೂ. ನಿಮ್ಮ ಸರಕಿನ ಬಗೆಗೆ ಅನ್ವಯಿಸುವ ದರ ನಿರ್ಣಯ ಯಾವುದೆಂದು ಮೊದಲು ಆಯೋಗದ ಕಚೇರಿಯಲ್ಲಿ ವಿಚಾರಿಸಿ.